ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’: ಡ್ಯುಯಲ್ ಬೂಟ್ ಇರುವವರು ಇದನ್ನೇ ನಂಬಿ

ಎನ್‌ವಿಡಿಯಾ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹಳೆಯದಾಗಿದೆ ಅಂತ ಎಲ್ಲೆಲ್ಲೋ ಹುಡುಕಿ ಫೈಲ್ ಇಳಿಸಿಕೊಳ್ಳಬೇಡಿ. ಲಿನಕ್ಸ್ ಓಎಸ್ ಆದ ಉಬುಂಟುವಿನ ಜೊತೆಗೇ ಬರುವ ‘ಅಡಿಷನಲ್ ಡ್ರೈವರ್ಸ್’ ಸಾಕು. ದಿನಾ ಇದೇ ಲ್ಯಾಪ್‌ಟಾಪ್‌ನಿಂದ ಹೊಟ್ಟೆ ಹೊರೆಯುವವನಾಗಿ ಹೇಳುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಮದುವೆ ಆಲ್ಬಂ, ವಿಡಿಯೊ ಕೆಲಸ ಮಾಡುತ್ತೇನೆ. ನನ್ನದು ಎನ್‌ವಿಡಿಯಾ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಓಎಸ್, ಅದೇ ಡ್ಯುಯಲ್ ಬೂಟ್: ಆಲ್ಬಂ ಡಿಸೈನ್‌ಗೆ ವಿಂಡೋಸ್ 11, ಟೈಟಲ್ ಅನಿಮೇಷನ್‌ಗೆ ಉಬುಂಟು 24.04ರಲ್ಲಿ ಬ್ಲೆಂಡರ್. ವಿಂಡೋಸ್‌ನಲ್ಲಿ ಹೊಸ ಡ್ರೈವರ್ ಇತ್ತು, ಉಬುಂಟುವಿನಲ್ಲಿ ಮಾತ್ರ 470 ನಂಬರ್‌ನ ಹಳೆಯ ಡ್ರೈವರ್‌ನಲ್ಲೇ ನಿಂತಿತ್ತು. ಒಂದು ಕಡೆ ಅಪ್‌ಡೇಟ್ ಮಾಡಿದರೆ ಎರಡೂ ಕಡೆ ಆಯ್ತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಾರ್ಡ್ ಒಂದೇ ಆದರೂ ಆಯಾ ಓಎಸ್‌ಗೆ ಅದರದೇ ಡ್ರೈವರ್ ಬೇಕು.

ಬ್ಲೆಂಡರ್‌ನಲ್ಲಿ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡ್ ಬಳಸಿ ಬೇಗ ರೆಂಡರ್ ಮಾಡುವ ಆಯ್ಕೆ) ಒತ್ತಿದರೆ ಹೊಸ ಡ್ರೈವರ್ ಬೇಕು ಅಂತ ಬರುತ್ತಿತ್ತು. ಒಂದು ಸರ್ವಿಸ್ ಅಂಗಡಿಯಲ್ಲಿ ಕೇಳಿದರೆ, ‘ಎರಡೂ ಓಎಸ್ ತೆಗೆದು ಹೊಸದಾಗಿ ಹಾಕಬೇಕು ಸಾರ್, ಡೇಟಾ ಬ್ಯಾಕಪ್‌ಗೆ ಬೇರೆ ಚಾರ್ಜು’ ಅಂದರು. ಅದರ ಅಗತ್ಯ ಖಂಡಿತ ಇರಲಿಲ್ಲ.

‘ಅಡಿಷನಲ್ ಡ್ರೈವರ್ಸ್’ ತೆರೆದರೆ ಕಾರ್ಡಿನ ಹೆಸರು, ಅದರ ಕೆಳಗೆ ಡ್ರೈವರ್‌ಗಳ ಪಟ್ಟಿ. ಒಂದರ ಮುಂದೆ ‘ಟೆಸ್ಟೆಡ್’ ಅಂತ ಇರುತ್ತದೆ. ಅದನ್ನೇ ಆರಿಸಿ. ದೊಡ್ಡ ನಂಬರ್ ಕಂಡಿತು ಅಂತ ಅದಕ್ಕೆ ಹೋಗಬೇಡಿ. ‘ಸರ್ವರ್’ ಅಂತ ಇರುವುದು ನಮಗಲ್ಲ. ನಾನು 535 ಆರಿಸಿ ‘ಅಪ್ಲೈ ಚೇಂಜಸ್’ ಒತ್ತಿದೆ. ಹೀಗೆ ಹಾಕಿದ ಡ್ರೈವರ್ ಕರ್ನಲ್ (ಓಎಸ್‌ನ ತಿರುಳು) ಅಪ್‌ಡೇಟ್ ಆದಾಗ ತಾನೇ ಹೊಂದಿಕೊಳ್ಳುತ್ತದೆ. ಎನ್‌ವಿಡಿಯಾ ಸೈಟ್‌ನಿಂದ ಇಳಿಸಿದ ‘.run’ ಫೈಲನ್ನು ಕೈಯಾರೆ ಹಾಕಿದವರು ಕರ್ನಲ್ ಬದಲಾದಾಗ ಮತ್ತೆ ಹಾಕಬೇಕಾಗಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಸೀಸನ್‌ನಲ್ಲಿ ಬೆಳಗಾಗುವಷ್ಟರಲ್ಲಿ ವಿಡಿಯೊ ಕೊಡಬೇಕಿರುವಾಗ ಸ್ಕ್ರೀನ್ ಕಪ್ಪಾದರೆ ಯಾರನ್ನು ಕೇಳೋದು?

ಗಮನ ಬೇಕಾದ ಜಾಗ ಒಂದಿದೆ. ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಬಿಡುವ ರಕ್ಷಣೆ) ಆನ್ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಆಮೇಲೆ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಹೆದರಬೇಡಿ, ವೈರಸ್ ಅಲ್ಲ. ಅದು ಕೆಲವೇ ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿ. ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಅದೇ ಪಾಸ್‌ವರ್ಡ್. ಇದನ್ನು ಬಿಟ್ಟರೆ ಡ್ರೈವರ್ ಡಿಸ್ಕ್‌ನಲ್ಲಿ ಇರುತ್ತದೆ, ಲೋಡ್ ಆಗುವುದಿಲ್ಲ. ‘ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ’ ಅನ್ನುವವರ ಮಾತು ಕೇಳಬೇಡಿ. ಹಾಗೆ ಮಾಡಿದರೆ, ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದಾಗ ಅದು ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳೋದು ಒಳ್ಳೆಯದು.

ಎಲ್ಲ ಆದ ಮೇಲೆ ಟರ್ಮಿನಲ್‌ನಲ್ಲಿ nvidia-smi ಅಂತ ಟೈಪ್ ಮಾಡಿದರೆ ಡ್ರೈವರ್ ನಂಬರ್ ಕಾಣುತ್ತದೆ. ನನ್ನದರಲ್ಲಿ 535 ಬಂತು, ಆಪ್ಟಿಕ್ಸ್ ಕೆಳಗೆ ಕಾರ್ಡಿನ ಹೆಸರೂ ಬಂತು. ವಿಂಡೋಸ್ ಕಡೆ ಏನೂ ಬದಲಾಗಲಿಲ್ಲ.

ಬ್ಯಾಟರಿ ಉಳಿಯಬೇಕಾದರೆ ಎನ್‌ವಿಡಿಯಾ ಸೆಟ್ಟಿಂಗ್ಸ್‌ನ ಪ್ರೈಮ್ ಪ್ರೊಫೈಲ್‌ನಲ್ಲಿ ‘ಆನ್-ಡಿಮಾಂಡ್’ ಇಟ್ಟುಕೊಳ್ಳಿ. ಮಾಮೂಲಿ ಕೆಲಸ ಲ್ಯಾಪ್‌ಟಾಪ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಮೇಲೆ ನಡೆಯುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನೀಲಿ ಪರದೆಯಲ್ಲಿ ಏನು ಒತ್ತಬೇಕು ಅಂತ ಮೊದಲೇ ಕನ್ನಡದಲ್ಲಿ ನಾಲ್ಕು ಸಾಲು ತೋರಿಸಿದರೆ ಉಳಿದ ಒಂದನ್ನೂ ಕೊಡುತ್ತೇನೆ.