ಹಿಂಬದಿಗೆ ಕೂರಿಸುವ ಟರ್ಬೊ: ಆಯಿಲ್ ಬೇಕಾದದ್ದೋ, ಬೇಡದ್ದೋ?

ಟೆಕ್ಸಸ್‌ನಲ್ಲಿ ವಾರಾಂತ್ಯದ ಓಟಕ್ಕೆಂದು ನಾನು ಸಜ್ಜುಗೊಳಿಸಿರುವ 2002ರ ಶೆವರ್ಲೆ ಕಮಾರೊ ಕಾರಿನಲ್ಲಿ, 5.7 ಲೀಟರ್‌ನ ಎಲ್‌ಎಸ್1 ಎಂಜಿನ್‌ಗೆ ಟರ್ಬೊ (ಎಕ್ಸಾಸ್ಟ್ ಗಾಳಿಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವುದು ಬಾನೆಟ್ ಕೆಳಗಲ್ಲ, ಹಿಂದೆ ಸೈಲೆನ್ಸರ್ ಇದ್ದ ಜಾಗದಲ್ಲಿ. ಅಲ್ಲಿ ಮೊದಲು ಎಂಜಿನ್ ಆಯಿಲ್ ಕುಡಿಯುವ ಜರ್ನಲ್ ಬೇರಿಂಗ್ ಟರ್ಬೊ ಇತ್ತು. ಈಗ ಇರುವುದು ಗ್ರೀಸ್ ತುಂಬಿದ ಸೆರಾಮಿಕ್ ಬಾಲ್ ಬೇರಿಂಗ್‌ಗಳ, ಆಯಿಲ್ ಪೈಪನ್ನೇ ಕೇಳದ ಟರ್ಬೊ. ಹಳೆಯದಕ್ಕೆ ಮರಳುವ ಯೋಚನೆ ನನಗೆ ಸುತರಾಂ ಇಲ್ಲ.

ಕಾರಣ ಒಂದೇ: ಆಯಿಲ್ ವಾಪಸು ಹೋಗುವ ದಾರಿ. ಜರ್ನಲ್ ಬೇರಿಂಗ್‌ನಲ್ಲಿ ಟರ್ಬೊದ ತಿರುಗುವ ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತದೆ, ಬೇರಿಂಗ್‌ನ ಶಾಖವನ್ನು ಹೊತ್ತೊಯ್ಯುವುದೂ ಆ ಆಯಿಲೇ. ಆದರೆ ಕೆಲಸ ಮುಗಿಸಿ ಹೊರಬರುವ ಆಯಿಲ್‌ನಲ್ಲಿ ಒತ್ತಡ ಉಳಿದಿರುವುದಿಲ್ಲವಾದ್ದರಿಂದ ಅದು ತನ್ನ ಭಾರದಿಂದಲೇ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೆ ಇಳಿಯಬೇಕಾಗುತ್ತದೆ. ಟರ್ಬೊ ಎಂಜಿನ್ನಿನ ಪಕ್ಕದಲ್ಲಿ ಎತ್ತರದಲ್ಲಿದ್ದರೆ ಇದು ಸಮಸ್ಯೆಯೇ ಅಲ್ಲ. ನೆಲಕ್ಕೆ ಹತ್ತಿರವಾಗಿ, ಸಂಪ್‌ನಿಂದ ಹಲವು ಅಡಿ ಹಿಂದೆ ಇದ್ದರೆ ಆಯಿಲನ್ನು ಎಳೆದು ವಾಪಸು ಕಳುಹಿಸಲು ವಿದ್ಯುತ್ ಚಾಲಿತ ಸ್ಕ್ಯಾವೆಂಜ್ ಪಂಪ್ ಬೇಕೇ ಬೇಕು.

ನನ್ನ ತಾಳ್ಮೆಯನ್ನೆಲ್ಲ ತಿಂದದ್ದು ಆ ಪಂಪ್. ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಅದರ ಕೊರೆತ ಸೀಟಿನವರೆಗೆ ಕೇಳಿಸುತ್ತಿತ್ತು. ಚಳಿಗಾಲದ ಬೆಳಗ್ಗೆ ಆಯಿಲ್ ಗಟ್ಟಿಯಾಗಿರುವುದರಿಂದ ಅದು ಹೆಚ್ಚು ಕರೆಂಟ್ ಎಳೆದು ಫ್ಯೂಸ್ ಸುಡುತ್ತಿತ್ತು, ಮತ್ತು ಫ್ಯೂಸ್ ಹೋದದ್ದು ನನಗೆ ತಿಳಿಯುತ್ತಿದ್ದದ್ದು ಹಿಂದಿನಿಂದ ನೀಲಿ ಹೊಗೆ ಬಂದ ಮೇಲೆಯೇ. ಟರ್ಬೊ ಶಾಫ್ಟ್‌ನ ಸೀಲ್ ಪಿಸ್ಟನ್ ರಿಂಗ್‌ನಂಥ ಉಂಗುರವಷ್ಟೇ. ಬೇರಿಂಗ್ ಕೂರುವ ನಡುವಿನ ಹೌಸಿಂಗ್ ಖಾಲಿಯಾಗುತ್ತಿರುವವರೆಗೆ ಮಾತ್ರ ಅದು ಆಯಿಲನ್ನು ತಡೆಯುತ್ತದೆ. ಒಳಗೆ ಆಯಿಲ್ ತುಂಬಿಕೊಂಡರೆ ಅದು ನೇರವಾಗಿ ಬಿಸಿ ಎಕ್ಸಾಸ್ಟ್ ಹಾಯುವ ಟರ್ಬೈನ್ ಕಡೆಗೆ ನುಗ್ಗುತ್ತದೆ.

ಎಂಜಿನ್ ಆರಿಸಿದ ಮೇಲಿನ ಕಾಟವೇ ಬೇರೆ. ಪಂಪ್ ನಿಂತರೂ ಪೂರೈಕೆ ಪೈಪಿನಲ್ಲಿ ಉಳಿದ ಆಯಿಲ್ ಕೆಳಗಿನ ಟರ್ಬೊಗೆ ಜಿನುಗುತ್ತಲೇ ಇರುತ್ತದೆ. ಅದಕ್ಕೆಂದು ಪಂಪನ್ನು ಸ್ವಲ್ಪ ಹೊತ್ತು ಓಡಿಸುವ ಟೈಮರ್ ರಿಲೇಯನ್ನೂ ಪೈಪಿಗೆ ಒತ್ತಡ ಇಲ್ಲದಾಗ ಮುಚ್ಚಿಕೊಳ್ಳುವ ಒಂದು ಚೆಕ್ ವಾಲ್ವ್ ಅನ್ನೂ ಸೇರಿಸಿದೆ. ವಾಲ್ವ್‌ನಲ್ಲಿ ಚೂರು ಕಸ ಸಿಕ್ಕಿಕೊಂಡರೆ ಸಾಕು, ಬೆಳಗ್ಗೆ ಕಾರು ಶುರು ಮಾಡಿದೊಡನೆ ಗ್ಯಾರೇಜ್ ತುಂಬ ಹೊಗೆ. ಬೆಂಕಿ ಬಿದ್ದಿದೆಯೇನೋ ಎಂದು ನೆರೆಮನೆಯವರು ಓಡಿ ಬಂದದ್ದೂ ಉಂಟು. ಒಂದು ತೊಂದರೆ ತಡೆಯಲು ಹಾಕಿದ ಪ್ರತಿಯೊಂದು ಭಾಗವೂ ತಾನೇ ಕೆಡಬಲ್ಲ ಇನ್ನೊಂದು ಭಾಗವಾಗಿತ್ತು.

ಗೆಳೆಯರೊಬ್ಬರ ಕಾರಿನಲ್ಲಿ ಆಯಿಲ್ ಮತ್ತು ನೀರು ಎರಡೂ ಹರಿಯುವ ಬಾಲ್ ಬೇರಿಂಗ್ ಟರ್ಬೊ ಇದೆ. ಅದು ನನ್ನ ಹಳೆಯದಕ್ಕಿಂತ ಬೇಗ ಬೂಸ್ಟ್ (ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಕೊಡುತ್ತದೆ, ಆಯಿಲೂ ಕಡಿಮೆ ಸಾಕು. ಆದರೆ ಹಿಂಬದಿಗೆ ಹಾಕಿದರೆ ಪಂಪ್ ತಪ್ಪುವುದಿಲ್ಲ.

ಹೊಸ ಟರ್ಬೊ ಬಂದ ಮೇಲೆ ಪಂಪ್, ರಿಲೇ, ವಾಲ್ವ್, ಉದ್ದದ ಎರಡು ಪೈಪುಗಳು ಎಲ್ಲವೂ ಹೊರಬಿದ್ದವು. ಅದರ ಬೇರಿಂಗ್‌ನಲ್ಲಿರುವ, ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ನ ಗುಂಡುಗಳು ಉಕ್ಕಿನವುಗಳ ತೂಕದ ಅರ್ಧಕ್ಕಿಂತಲೂ ಹಗುರ. ಆದರೂ ಬೂಸ್ಟ್ ಏರುವುದರಲ್ಲಿ ಗೆಳೆಯರ ಕಾರಿಗಿಂತ ವಿಶೇಷ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಶಕ್ತಿ ಹೆಚ್ಚುತ್ತದೆಂದು ಇದನ್ನು ಕೊಳ್ಳುವವರಿಗೆ ನಿರಾಸೆ ಖಚಿತ.

ಶಾಖವೇ ಇದರ ಶತ್ರು. ಬೇರಿಂಗ್‌ನ ಬಿಸಿಯನ್ನು ಹೊತ್ತೊಯ್ಯಲು ಆಯಿಲ್ ಇಲ್ಲ, ಗ್ರೀಸ್‌ಗೂ ಆಯುಷ್ಯವುಂಟು, ಅದು ಮುಗಿದರೆ ನಡುವಿನ ಕಾರ್ಟ್ರಿಜ್ ಅನ್ನು ತಯಾರಕರಿಗೇ ಕಳುಹಿಸಬೇಕು. ನನ್ನಲ್ಲಿ ಎಕ್ಸಾಸ್ಟ್ ಗಾಳಿ ಕಾರಿನ ಉದ್ದಕ್ಕೂ ಹರಿದು ತುಸು ತಣ್ಣಗಾಗಿ ಬರುತ್ತದೆ, ಓಟಗಳೂ ಚಿಕ್ಕವು, ಬಿರುಸಿನ ಓಟದ ನಂತರ ಒಂದೆರಡು ನಿಮಿಷ ಎಂಜಿನ್ನನ್ನು ನಿಧಾನವಾಗಿ ತಿರುಗಲು ಬಿಡುವ ರೂಢಿಯೂ ಇದೆ. ಬೆಲೆ ಜರ್ನಲ್ ಬೇರಿಂಗ್ ಟರ್ಬೊಗಿಂತ ಹೆಚ್ಚೇ. ಆದರೆ ಒಳ್ಳೆಯ ಪಂಪ್, ಪೈಪು, ಫಿಟ್ಟಿಂಗ್‌ಗಳ ಬಿಲ್ ಕೂಡಿಸಿದಾಗ ಆ ಅಂತರ ನನ್ನ ಜೇಬಿಗೆ ಭಾರವೆನಿಸಲಿಲ್ಲ. ದಿನವೂ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ, ಟರ್ಬೊ ಬಾನೆಟ್ ಕೆಳಗೇ ಇರುವ ಕಾರಾಗಿದ್ದರೆ ಗೆಳೆಯರದರಂಥ ಟರ್ಬೊವನ್ನೇ ಕೊಳ್ಳುತ್ತಿದ್ದೆ.