ಎಲೆಯಲ್ಲಿ ತೂತಿರೋ ಗಿಡ ಮಾರೋ ನರ್ಸರಿ, ನನ್ನ ಕಡೆಯಿಂದ 5ಕ್ಕೆ 5

ಮೈಸೂರಲ್ಲಿ ಬೋಗಾದಿ ಕಡೆ ಒಂದು ಸಣ್ಣ ನರ್ಸರಿ ಇದೆ, ಬೋರ್ಡ್ ಕೂಡ ಇಲ್ಲ, ಹಸಿರು ನೆಟ್ ಕಟ್ಟಿರೋದೇ ಗುರುತು. ಗಂಡ ಹೆಂಡ್ತಿ ಇಬ್ರೇ ನೋಡ್ಕೊತಾರೆ. ಶಿವರಾತ್ರಿ ಆದ್ಮೇಲೆ ಕರಿಬೇವಿನ ಗಿಡ ಬೇಕು ಅಂತ ಹೋಗಿದ್ದೆ, ಅಲ್ಲಿದ್ದ ಗಿಡಗಳಲ್ಲಿ ಅರ್ಧಕ್ಕರ್ಧ ಎಲೆ ಹುಳ ತಿಂದು ಕತ್ತರಿಸ್ದಂಗೆ ಇತ್ತು. ನಾನು ನೋಡ್ತಿರೋದು ನೋಡಿ ಆಯಮ್ಮ, "ನಾವು ಔಷಧಿ ಹೊಡ್ಯಲ್ಲಮ್ಮಾ, ಹುಳ ತಿಂದ್ರೂ ಮತ್ತೆ ಚಿಗುರುತ್ತೆ" ಅಂದ್ರು. ಚಿಟ್ಟೆ ಬರ್ಲಿ ಅಂತಾನೇ ಗಿಡ ಬೆಳೆಸೋಳು ನಾನು, ತಕ್ಷಣ ಎರಡು ತಗೊಂಡೆ.

ಯಾಕಂದ್ರೆ ಹೋದ್ವರ್ಷ ಬೇರೆ ಒಂದು ದೊಡ್ಡ ನರ್ಸರಿಯಿಂದ ನಿಂಬೆ ಗಿಡ ತಂದಿದ್ದೆ, ಎಲೆ ಎಲ್ಲಾ ಫಳಫಳ ಹೊಳೀತಿತ್ತು, ಚಿಟ್ಟೆ ಬಂದು ಮೊಟ್ಟೆ ಇಡ್ತು, ಮರಿಹುಳ ಹೊರಗೆ ಬಂದು ಎಲೆ ಕಚ್ಚಿದ್ದೇ ತಡ ಎರಡೇ ದಿನಕ್ಕೆ ಹುಳ ಎಲ್ಲಾ ಕಪ್ಪಾಗಿ ಸತ್ವು, ಒಂದೂ ಉಳೀಲಿಲ್ಲ. ಫೋನ್ ಮಾಡಿ ಕೇಳಿದ್ರೆ ವಾರಕ್ಕೊಂದ್ಸಲ ಔಷಧಿ ಹೊಡೀತೀವಿ ಅಂದ್ರು. ತುಂಬಾ ಬೇಜಾರಾಗಿತ್ತು.

ಈ ಸಲ ಗಿಡದ ಜೊತೆಗೇ ಮರಿಹುಳಾನೂ ಬಂದಿದ್ವು! ಮೊದಲು ಹಕ್ಕಿ ಹಿಕ್ಕೆ ಅನ್ಕೊಂಡು ಒರೆಸೋಕೆ ಹೋಗ್ಬೇಡಿ, ಕಾಮನ್ ಮಾರ್ಮನ್ ಚಿಟ್ಟೆ ಮರಿ ಚಿಕ್ಕದಿದ್ದಾಗ ಥೇಟ್ ಹಂಗೇ ಇರುತ್ತೆ, ಕಂದು ಬಣ್ಣ ಮಧ್ಯೆ ಬಿಳಿ. ಆಮೇಲೆ ಪೊರೆ ಬಿಟ್ಟು ಎಲೆ ಹಸಿರಿಗೆ ತಿರುಗುತ್ತೆ, ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕೊಂಬು ಥರ ಏನೋ ಹೊರಗೆ ಹಾಕಿ ಘಾಟು ವಾಸನೆ ಬಿಡುತ್ತೆ. ಐದು ಹುಳ ಸೇರಿ ಒಂದು ಗಿಡ ಬೋಳು ಮಾಡಿದ್ವು, ಒಗ್ಗರಣೆಗೆ ಪಕ್ಕದ್ಮನೆ ಆಂಟಿ ಹತ್ರ ಕೇಳಿ ತಂದೆ, ಪರ್ವಾಗಿಲ್ಲ. ಮೂರು ಕೋಶ ಆದ್ವು, ಯುಗಾದಿ ಹಿಂದಿನ ದಿನ ಬೆಳಿಗ್ಗೆ ಕಾಫಿ ಹಿಡ್ಕೊಂಡು ಟೆರೇಸಿಗೆ ಹೋದ್ರೆ ಒಂದು ಆಗ್ಲೇ ಹೊರಗೆ ಬಂದು ಒದ್ದೆ ರೆಕ್ಕೆ ಇಳಿಬಿಟ್ಕೊಂಡು ಕೂತಿತ್ತು, ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಲಿ ಸಾಲಾಗಿ ಬಿಳಿ ಚುಕ್ಕೆ, ಬಹುಶಃ ಗಂಡು. ಹಾರೋವರೆಗೂ ಅಲ್ಲೇ ನಿಂತಿದ್ದೆ, ಕಾಫಿ ಆರಿ ತಣ್ಣಗಾಗಿತ್ತು. ಬೋಳಾಗಿದ್ದ ಗಿಡ ಈಗ ಎರಡೂ ಕಡೆ ಚಿಗುರಿದೆ.

ಅಲ್ಲಿಂದಲೇ ತಂದ ಹೆಮೇಲಿಯಾ ಗಿಡಾನೂ ಕೇಸರಿ ಹೂ ಬಿಟ್ಟಿದೆ, ದಿನಾ ಬೆಳಿಗ್ಗೆ ಸೂರಕ್ಕಿ ಜೋಡಿ ಬರುತ್ತೆ, ಮೊನ್ನೆಯಿಂದ ಹೆಣ್ಣು ಹಕ್ಕಿ ಬಟ್ಟೆ ಒಣಗಿಸೋ ತಂತಿ ಪಕ್ಕ ಜೇಡರ ಬಲೆ, ನಾರು ಎಲ್ಲಾ ತಂದು ಗೂಡು ನೇತು ಹಾಕ್ತಿದೆ, ಹಂಗಾಗಿ ಆ ತಂತಿಗೆ ಬಟ್ಟೆ ಹಾಕೋದು ನಿಲ್ಸಿದ್ದೀನಿ. ಮಲ್ಲಿಗೆ ಇನ್ನೂ ಮೊಗ್ಗು.

ಒಂದೆರಡು ವಿಷಯ ಗಮನಕ್ಕಿರಲಿ. ಕಪ್ಪು ಕವರಲ್ಲಿ ಬರೋದು ಬರೀ ಕೆಂಪು ಜೇಡಿಮಣ್ಣು, ನೀರು ಬೇಗ ಇಳಿಯಲ್ಲ, ಮನೆಗೆ ತಂದ್ಮೇಲೆ ಮರಳು, ಗೊಬ್ಬರ ಸೇರಿಸಿ ಕುಂಡಕ್ಕೆ ಹಾಕ್ಕೊಳಿ. ಭಾನುವಾರ ಗಾಡಿ ನಿಲ್ಸೋಕೆ ಜಾಗ ಇರಲ್ಲ. ಬಣ್ಣಬಣ್ಣದ ಪೆಟೂನಿಯಾ, ಡೇಲಿಯಾ ಬೇಕು ಅನ್ನೋರಿಗೆ ಇಲ್ಲಿ ಜಾಸ್ತಿ ಸಿಗಲ್ಲ.

ಮುಂದಿನ ವಾರ ಹೋಗಿ ಈಶ್ವರಿ ಬಳ್ಳಿ ಇದ್ಯಾ ಅಂತ ಕೇಳ್ಬೇಕು, ಕ್ರಿಮ್ಸನ್ ರೋಸ್ ಚಿಟ್ಟೆ ಮೊಟ್ಟೆ ಇಡೋದು ಅದು ಮತ್ತೆ ಅದರ ಜಾತಿ ಗಿಡಗಳ ಮೇಲೆ. ಸಿಕ್ಕಿದ್ರೆ ಇಲ್ಲೇ ಹೇಳ್ತೀನಿ.