ಹೆಸರು ಬಿಟ್ಟುಕೊಡುವ ಮತ: ಮೊಬೈಲ್ ಮತದಾನ ಸೌಲಭ್ಯವನ್ನು ಬಹುಕಾಲ ಬಳಸಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪರಿಸರದ ನಮ್ಮ ಯಕ್ಷಗಾನ ಅಭಿಮಾನಿ ಬಳಗವು ವರ್ಷದ ಆಟಕ್ಕೆ (ಬಯಲಾಟದ ಪ್ರದರ್ಶನಕ್ಕೆ) ಪ್ರಸಂಗವನ್ನು, ಅಂದರೆ ಆಡುವ ಕಥೆಯನ್ನು, ಆರಿಸುವುದಕ್ಕೂ ಮಳೆಗಾಲದ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಕೂಟಕ್ಕೆ ದಿನ ಗೊತ್ತುಮಾಡುವುದಕ್ಕೂ ಮೊಬೈಲಿನ ಸಂದೇಶ ಆ್ಯಪ್ ಒಂದರ ಮತದಾನ ಸೌಲಭ್ಯವನ್ನು ಕೆಲವು ವರ್ಷಗಳಿಂದ ಬಳಸುತ್ತಿದೆ. ಪ್ರಶ್ನೆಯನ್ನು ಎಲ್ಲಿ ಬರೆಯಬೇಕು, ಆಯ್ಕೆಗಳನ್ನು ಹೇಗೆ ಸೇರಿಸಬೇಕು ಎಂಬುದು ಓದುಗರಿಗೆ ಈಗಾಗಲೇ ತಿಳಿದಿರುವುದರಿಂದ ಅದನ್ನು ವಿವರಿಸುವುದಿಲ್ಲ. ಈ ಸೌಲಭ್ಯದ ಒಂದು ಗುಣ ಮಾತ್ರ ನನ್ನನ್ನು ಬಿಡದೆ ಕಾಡಿದೆ: ಯಾವುದಕ್ಕೆ ಎಷ್ಟು ಮತ ಬಿತ್ತು ಎಂಬುದರ ಜೊತೆಗೆ ಯಾರು ಯಾವುದಕ್ಕೆ ಹಾಕಿದರು ಎಂಬುದನ್ನೂ ಅದು ಬಳಗದ ಎಲ್ಲರಿಗೂ ತೋರಿಸುತ್ತದೆ.

ಮೊದಲು ಅದರ ಸುಖವನ್ನು ಹೇಳಬೇಕು. ಹಿಂದೆ ಪ್ರಸಂಗದ ಆಯ್ಕೆ ನಡೆಯುತ್ತಿದ್ದದ್ದು ಊರಿನ ಗ್ರಂಥಾಲಯದ ಸಭೆಯಲ್ಲಿ. ಆ ದಿನ ಊರಿನಲ್ಲಿದ್ದವರ ಮಾತೇ ತೀರ್ಮಾನವಾಗುತ್ತಿತ್ತು. ಗಲ್ಫಿನಲ್ಲಿದ್ದುಕೊಂಡು ಆಟಕ್ಕೆ ಹಣ ಕಳುಹಿಸುವವರು ಕರಪತ್ರ ಅಚ್ಚಾದ ಮೇಲೆಯೇ ಪ್ರಸಂಗದ ಹೆಸರನ್ನು ತಿಳಿಯುತ್ತಿದ್ದರು. ಈಗ ಕಾರ್ಯದರ್ಶಿಯವರು ರಾತ್ರಿಯ ಊಟ ಮುಗಿಸಿ ಪ್ರಶ್ನೆಯನ್ನು ಹಾಕುತ್ತಾರೆ. ದುಬೈಯಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಕೆಲಸ ಬಿಟ್ಟು ಕೋಣೆಗೆ ಮರಳುವ ನಮ್ಮವರ ಮತಗಳು ಮೊದಲ ಹೊತ್ತಿಗೇ ಬಂದು ಬೀಳುತ್ತವೆ. ಮುಂಬಯಿಯ ಹೋಟೆಲುಗಳಲ್ಲಿರುವವರು ಗಲ್ಲಾ ಮುಚ್ಚಿ, ಲೆಕ್ಕ ಒಪ್ಪಿಸಿ, ನಡುರಾತ್ರಿ ಕಳೆದ ಮೇಲೆ ಒತ್ತುತ್ತಾರೆ. ಬೆಳಗ್ಗೆ ಎದ್ದು ಹಾಲಿಗೆ ಹೋಗುವ ಮುನ್ನ ಫೋನನ್ನು ತೆರೆದು, ಕರ್ಣಪರ್ವದ ಪಟ್ಟಿ ಎಷ್ಟು ಉದ್ದವಾಯಿತು, ವಾಲಿವಧೆಯದು ಎಲ್ಲಿಗೆ ಬಂತು ಎಂದು ನೋಡುವುದು ಆ ವಾರವಿಡೀ ನನ್ನ ನಿತ್ಯಕರ್ಮವಾಗಿಬಿಡುತ್ತದೆ. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನಾದ್ದರಿಂದ ರಾಮಾಯಣದ ಪ್ರಸಂಗವೇ ಆಗಬೇಕೆಂದು ಹಟ ಹಿಡಿಯುವ ಒಂದು ಪಕ್ಷ ನಮ್ಮಲ್ಲಿ ಸದಾ ಇದೆ. ಅವರು ಪ್ರಚಾರಕ್ಕೆ ಇಳಿದಾಗ ಪಂಚಾಯತಿನ ಅಭ್ಯರ್ಥಿಗಳೂ ಅವರಿಂದ ಕಲಿಯಬಹುದು ಎನಿಸುತ್ತದೆ.

ಈ ಸುಖ ಕೆಡುವುದು ನಿವೃತ್ತ ಮಾಷ್ಟ್ರು ಒಬ್ಬರು ಮತ ಹಾಕಿದ ಗಳಿಗೆಯಲ್ಲಿ. ಬಳಗದ ಅರ್ಧದಷ್ಟು ಮಂದಿ ಅವರ ಶಿಷ್ಯರು. ಅವರ ಹೆಸರು ಯಾವ ಪ್ರಸಂಗದ ಕೆಳಗೆ ಕಾಣಿಸಿಕೊಳ್ಳುತ್ತದೆಯೋ ಅದರ ಕೆಳಗೆ ಹತ್ತು ನಿಮಿಷದೊಳಗೆ ಸಾಲು ಬೆಳೆಯುತ್ತದೆ. ಅದಕ್ಕೂ ಕೆಟ್ಟ ಸಂಗತಿಯೆಂದರೆ, ಆಗಲೇ ಬೇರೆಡೆ ಹಾಕಿದ್ದವರು ತಮ್ಮ ಮತವನ್ನು ಸದ್ದಿಲ್ಲದೆ ಹಿಂತೆಗೆದು ಈಚೆಗೆ ಬರುತ್ತಾರೆ, ಏಕೆಂದರೆ ಒಮ್ಮೆ ಕೊಟ್ಟ ಮತವನ್ನು ಬದಲಿಸುವುದಕ್ಕೂ ಈ ಸೌಲಭ್ಯದಲ್ಲಿ ಅವಕಾಶವಿದೆ. ಮಾಷ್ಟ್ರು ಯಾರನ್ನೂ ಒತ್ತಾಯಿಸಿದವರಲ್ಲ. ತಾವು ಕೊನೆಯಲ್ಲಿ ಹಾಕುವುದಾಗಿ ಅವರೇ ಹೇಳಿದಾಗ, ಅವರು ಹಾಕುವ ತನಕ ಉಳಿದವರು ಫೋನನ್ನೇ ಮುಟ್ಟಲಿಲ್ಲ. ಕಳೆದ ಸಲ ಯಾರೋ ಪಟ್ಟಿಯ ಕೊನೆಯಲ್ಲಿ ‘ಹಿರಿಯರು ಹೇಳಿದಂತೆ’ ಎಂಬ ಆಯ್ಕೆಯನ್ನೂ ಸೇರಿಸಿದರು. ಅತಿ ಹೆಚ್ಚು ಮತಗಳು ಅದಕ್ಕೇ ಬಿದ್ದವು. ಮೇಳಕ್ಕೆ ವೀಳ್ಯ ಕೊಟ್ಟು ಆಟವನ್ನು ಗೊತ್ತುಮಾಡಲು ಹೊರಟ ಕಾರ್ಯದರ್ಶಿಯವರು ಪ್ರಸಂಗ ಯಾವುದೆಂದು ಕೇಳಲು ಮಾಷ್ಟ್ರ ಮನೆಗೇ ಹೋಗಬೇಕಾಯಿತು.

ಮತದ ಬೆಲೆಯನ್ನು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶವು 2016ರಲ್ಲಿ 89 ಮತಗಳಿಂದ, 2021ರಲ್ಲಿ 745 ಮತಗಳಿಂದ ತೀರ್ಮಾನವಾದುದನ್ನು ಕಂಡವರು ನಾವು. 2025ರ ಡಿಸೆಂಬರ್ 11ರಂದು ಗ್ರಾಮ, ಬ್ಲಾಕ್ ಮತ್ತು ಜಿಲ್ಲಾ ಪಂಚಾಯತುಗಳಿಗೆ ಒಟ್ಟಿಗೆ ಮೂರು ಮತ ಹಾಕಿ ಬಂದಾಗಲೂ ಮರೆಯ ಹಿಂದೆ ಯಾವ ಗುಂಡಿಯನ್ನು ಒತ್ತಿದೆ ಎಂಬುದು ನನಗಲ್ಲದೆ ಇನ್ನೊಬ್ಬರಿಗೆ ತಿಳಿಯಲಿಲ್ಲ. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿರುವ ‘ನೋಟಾ’ (ಮೇಲಿನ ಯಾರೂ ಅಲ್ಲ ಎಂಬ ಆಯ್ಕೆ) ಕೇರಳದ ಪಂಚಾಯತ್ ಚುನಾವಣೆಯಲ್ಲಿ ಇಲ್ಲ. ಮೂರರಲ್ಲಿ ಒಂದಕ್ಕೆ ಹಾಕಲು ಮನಸ್ಸಿಲ್ಲದವರು ಉಳಿದವನ್ನು ಒತ್ತಿ, ಕೊನೆಗೆ ‘ಎಂಡ್’ ಗುಂಡಿಯಿಂದ ಮುಗಿಸಿ ಹೊರಬರಬಹುದು. ಯಾರಿಗೆ ಮತ ಹಾಕಿದೆ ಎಂದು ಬಹಿರಂಗಪಡಿಸುವಂತೆ ಯಾವ ಮತದಾರನನ್ನೂ ಒತ್ತಾಯಿಸಲಾಗದು ಎಂಬ ರಕ್ಷಣೆ 1951ರ ಜನಪ್ರತಿನಿಧಿ ಕಾಯ್ದೆಯ 94ನೆಯ ಸೆಕ್ಷನ್ನಿನಲ್ಲಿದೆ. ಹೀಗೆ ಮರೆಯಲ್ಲಿ ನಿಂತು ಮತ ಹಾಕಿ ರೂಢಿಯಾದ ಮನಸ್ಸಿಗೆ, ಒಂದು ಪ್ರಸಂಗವನ್ನು ಆರಿಸುವಾಗ ಗುರುಗಳ ಮುಖ ನೋಡಬೇಕಾಗಿ ಬರುವುದು ಮೊದಮೊದಲು ತೀರಾ ಅಸಹನೀಯವೆನಿಸಿತ್ತು. ಹೆಸರನ್ನು ಮರೆಮಾಡುವ ಬೇರೆ ಮತದಾನ ಆ್ಯಪ್‌ಗಳೂ ಇವೆ ಎಂದು ಸೂಚಿಸಿದೆ. ನಾನು ತೋರಿಸಿದ ಆ್ಯಪಿಗೆ ವರ್ಷಕ್ಕಿಷ್ಟು ಎಂದು ಶುಲ್ಕ ಕೊಡಬೇಕಿತ್ತು. ಆ ಹಣದಲ್ಲಿ ಚೌಕಿಯವರಿಗೆ (ಬಣ್ಣದ ಮನೆಯಲ್ಲಿರುವ ಕಲಾವಿದರಿಗೆ) ಒಂದು ಹೊತ್ತಿನ ಚಹಾ ತಿಂಡಿ ಆಗುತ್ತದೆ ಎಂದು ಖಜಾಂಚಿಯವರು ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ನನ್ನ ಅಸಹನೆಯನ್ನು ಸ್ವಲ್ಪ ತಗ್ಗಿಸಿದವರೂ ಅದೇ ಖಜಾಂಚಿಯವರೇ. ಆಟ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯದೋ ಬೆಳಗಿನವರೆಗೋ ಎಂಬ ಪ್ರಶ್ನೆ ನಮ್ಮಲ್ಲಿ ಪ್ರತಿ ವರ್ಷವೂ ಏಳುತ್ತದೆ. ಕೈ ಎತ್ತುವ ಕಾಲದಲ್ಲಿ ಪರಂಪರೆಯ ಹೆಸರಿನಲ್ಲಿ ಇಡೀ ರಾತ್ರಿಯ ಆಟವನ್ನು ಗೆಲ್ಲಿಸಿದವರಲ್ಲಿ ಅನೇಕರು ನಡುರಾತ್ರಿಗೆ ಮುನ್ನ ಮನೆ ಸೇರುತ್ತಿದ್ದರು; ಯಾರು ಕೈ ಎತ್ತಿದ್ದರೆಂಬುದು ಆಗ ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಖಜಾಂಚಿಯವರು ‘ಬೆಳಗಿನವರೆಗೆ’ ಎಂದು ಒತ್ತಿದವರ ಹೆಸರುಗಳನ್ನು ಫೋನಿನಿಂದ ಪುಸ್ತಕಕ್ಕೆ ಇಳಿಸಿಕೊಂಡು, ಊರಿನಲ್ಲಿರುವವರಿಗೆ ಮುಂಜಾನೆ ಕುರ್ಚಿ ಎತ್ತಿಡುವ ಕೆಲಸವನ್ನು, ಪರವೂರಿನಲ್ಲಿರುವವರಿಗೆ ರಾತ್ರಿಯ ಚಹಾದ ಖರ್ಚನ್ನು ಹಂಚುತ್ತಾರೆ. “ನೀವೇ ಅಲ್ಲವೇ ಭಾವ, ಬೆಳಗಾಗಬೇಕು ಎಂದದ್ದು?” ಎಂದು ಅವರು ನಗುತ್ತ ಕೇಳಿದರೆ ಇಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಈ ಏರ್ಪಾಡು ಬಂದ ಮೇಲೆ ಇಡೀ ರಾತ್ರಿಯ ಆಟಕ್ಕೆ ಬೀಳುವ ಮತಗಳು ಕಡಿಮೆಯಾಗಿವೆ, ಆದರೆ ಬೆಳಗಿನ ಮಂಗಳದ ಹೊತ್ತಿಗೆ ಕುಳಿತಿರುವವರ ಸಂಖ್ಯೆ ಹೆಚ್ಚಿದೆ. ರಾಜ್ಯಸಭಾ ಚುನಾವಣೆಯಲ್ಲಿಯೂ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಪ್ರತಿನಿಧಿಗೆ ತೋರಿಸಿಯೇ ಹಾಕುವ ಕ್ರಮ 2003ರಿಂದ ಇದೆ. ಮತದ ಜೊತೆಗೆ ಹೊಣೆಯೂ ಅಂಟಿಕೊಂಡಿರುವಲ್ಲಿ ಹೆಸರು ಕಾಣಿಸುವುದರಿಂದ ಒಂದು ಪ್ರಯೋಜನವಿದೆ ಎಂಬುದನ್ನು ನಾನೀಗ ಒಪ್ಪುತ್ತೇನೆ.

ಆದರೆ ಈ ಒಪ್ಪಿಗೆ ಪ್ರಸಂಗ, ದಿನ, ಚಹಾಗಳಿಗಷ್ಟೇ ಸೀಮಿತ. ಬಳಗದ ಪದಾಧಿಕಾರಿಗಳನ್ನೂ ಇದರಲ್ಲೇ ಆರಿಸೋಣ ಎಂಬ ಸಲಹೆ ಬಂದು, ಒಮ್ಮೆ ಹಾಗೆಯೇ ನಡೆಯಿತು. ಕಾರ್ಯದರ್ಶಿ ಸ್ಥಾನಕ್ಕೆ ಇಬ್ಬರು ನಿಂತಿದ್ದರು; ಇಬ್ಬರೂ ಒಂದೇ ಬೀದಿಯವರು. ಸೋತವರು ಗೆದ್ದವರ ಹೆಸರಿನ ಕೆಳಗಿನ ಪಟ್ಟಿಯಲ್ಲಿ ತಮ್ಮ ಸ್ವಂತ ಸೋದರಳಿಯನನ್ನು ಕಂಡರು. ಅವರು ಒಂದು ಮಾತನ್ನೂ ಆಡಲಿಲ್ಲ. ಆ ವರ್ಷ ಆಟಕ್ಕೂ ಬರಲಿಲ್ಲ. ವಾಲಿವಧೆ ಸೋತರೆ ವಾಲಿಗೆ ಬೇಸರವಾಗುವುದಿಲ್ಲ, ಸುಗ್ರೀವ ಮುನಿಸಿಕೊಳ್ಳುವುದಿಲ್ಲ. ಮನುಷ್ಯರ ವಿಷಯ ಹಾಗಲ್ಲ. ಅಂದಿನಿಂದ ಪದಾಧಿಕಾರಿಗಳ ಆಯ್ಕೆಗೆ ಗ್ರಂಥಾಲಯದಲ್ಲಿ ಚೀಟಿ ಬರೆದು ಡಬ್ಬಿಗೆ ಹಾಕುವ ಹಳೆಯ ಪದ್ಧತಿಗೇ ಮರಳಿದ್ದೇವೆ. ಪರವೂರಿನವರ ಮತ ಇದರಿಂದ ತಪ್ಪಿಹೋಗುತ್ತದೆ ಎಂಬ ದೂರು ನ್ಯಾಯವಾದದ್ದೇ, ಅದಕ್ಕೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.

ಇದನ್ನು ಹೊಸದಾಗಿ ಬಳಸುವ ಸಂಘದವರು ಒಬ್ಬರಿಗೆ ಒಂದೇ ಆಯ್ಕೆ ಎಂಬ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು, ಇಲ್ಲವಾದರೆ ಎಲ್ಲ ಪ್ರಸಂಗಗಳಿಗೂ ಮತ ಹಾಕುವ ಉದಾರಿಗಳು ಲೆಕ್ಕವನ್ನು ಕೆಡಿಸುತ್ತಾರೆ. ಮತದಾನ ಯಾವಾಗ ಮುಗಿಯುತ್ತದೆ ಎಂಬುದನ್ನು ಪ್ರಶ್ನೆಯಲ್ಲೇ ಬರೆಯುವುದು ಒಳ್ಳೆಯದು. ನಮ್ಮಲ್ಲಿ ಕರಪತ್ರ ಹಂಚಿದ ಮೇಲೂ ಮತ ಹಾಕಿದವರಿದ್ದಾರೆ. ಹೆಸರನ್ನು ಮರೆಮಾಡುವ ಒಂದು ಗುಂಡಿ ನಮ್ಮ ಆ್ಯಪಿಗೆ ಬರುವ ತನಕ ನನ್ನ ಕಡೆಯಿಂದ ಐದರಲ್ಲಿ ಮೂರು ನಕ್ಷತ್ರ. ಖಜಾಂಚಿಯವರನ್ನು ಕೇಳಿದರೆ ಅವರು ಐದನ್ನೂ ಕೊಟ್ಟಾರು.